ಎಂಜಿನ್ ಎಳೆಯುತ್ತಿಲ್ಲ

ಸ್ಟಾರ್ಟ್ ಆಗದ ಎಂಜಿನ್ ತನ್ನ ರೋಗವನ್ನು ತಾನೇ ಹೇಳಿಕೊಳ್ಳುತ್ತದೆ. ಕುದಿಯುವ ಎಂಜಿನ್ನೂ ಅಷ್ಟೆ. ಶಕ್ತಿ ಕುಂದಿದ ಎಂಜಿನ್ನಿನದು ಬೇರೆ ಕಥೆ: ಒಂದೇ ಸೆಲ್ಫಿಗೆ ಎದ್ದು ಕೂರುತ್ತದೆ, ಧಕ್ಕೆಯಿಂದ ಹೊರಗೆ ಹೋಗುವಾಗ ಸದ್ದಿನಲ್ಲೂ ದೋಷ ಕಾಣುವುದಿಲ್ಲ, ಬಲೆ ನೀರಿಗಿಳಿದು ಎಳೆತ ಶುರುವಾದ ಮೇಲೆ ಸೋಲುತ್ತದೆ. ಮಲ್ಪೆಯಿಂದ ಕಾರವಾರದವರೆಗಿನ ಬಂದರುಗಳಲ್ಲಿ ತಂಡೇಲರು ಇದನ್ನು ‘ಎಂಜಿನ್ ಎಳೀತಾ ಇಲ್ಲ’ ಎಂಬ ಮೂರು ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಆ ಮೂರು ಮಾತಿಗೆ ತಯಾರಕರ ಕೈಪಿಡಿಯಲ್ಲಿ ಇಪ್ಪತ್ತು ಮೂವತ್ತು ಕಾರಣಗಳ ಪಟ್ಟಿ ಇರುತ್ತದೆ. ಯಾವುದನ್ನು ಮೊದಲು ನೋಡಬೇಕು, ಯಾವುದು ಅಪರೂಪ, ಯಾವುದು ದಿನನಿತ್ಯದ್ದು ಎಂಬುದು ಮಾತ್ರ ಆ ಪಟ್ಟಿಯಲ್ಲಿ ಸಿಗುವುದಿಲ್ಲ. ಹೀಗಾಗಿ ಪ್ರತಿಯೊಬ್ಬ ಮೆಕ್ಯಾನಿಕ್ಕೂ ತನಗೆ ಪಳಗಿದ ಭಾಗವನ್ನೇ ಮೊದಲು ಬಿಚ್ಚುತ್ತಾನೆ. ಒಬ್ಬನಿಗೆ ನಾಝಲ್, ಇನ್ನೊಬ್ಬನಿಗೆ ಪಂಪ್, ಮತ್ತೊಬ್ಬನಿಗೆ ನೇರವಾಗಿ ಹೆಡ್. ಇವುಗಳಲ್ಲಿ ಬಹಳಷ್ಟು ಬಿಚ್ಚುವಿಕೆ ಅನಗತ್ಯ ಎಂಬುದು ಈ ಲೇಖನದ ವಾದ. ಕೇಳಬೇಕಾದ ಮೊದಲ ಪ್ರಶ್ನೆ ಎಂಜಿನ್ನಿನ ಒಳಗಿನದೇ ಅಲ್ಲ. ಎಂಜಿನ್ ಕಡಿಮೆ ಕೊಡುತ್ತಿದೆಯೋ, ಅಥವಾ ದೋಣಿ ಹೆಚ್ಚು ಕೇಳುತ್ತಿದೆಯೋ?

ಶಕ್ತಿ ಕುಂದಿದ್ದು ಇಷ್ಟು ತಡವಾಗಿ ಗೊತ್ತಾಗುವುದಕ್ಕೆ ಒಂದು ಲೆಕ್ಕವಿದೆ. ಸ್ಥಿರ ರೆಕ್ಕೆಯ ಪ್ರೊಪೆಲ್ಲರ್ ಕೇಳುವ ಶಕ್ತಿ ಅದು ತಿರುಗುವ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಪೂರ್ತಿ ರೇಸ್‌ನಲ್ಲಿ ನಿಮಿಷಕ್ಕೆ 1800 ಸುತ್ತು ಬರಬೇಕಾದ ಎಂಜಿನ್ ತನ್ನ ಶಕ್ತಿಯ ಶೇ 20ರಷ್ಟನ್ನು ಕಳೆದುಕೊಂಡರೂ ಸುತ್ತು ಇಳಿಯುವುದು 1670ರ ಆಸುಪಾಸಿಗೆ ಮಾತ್ರ. 8 ನಾಟ್ ಓಡುತ್ತಿದ್ದ ಬೋಟು 7.4 ನಾಟ್ ಓಡುತ್ತದೆ. ಎದುರು ಗಾಳಿ, ನೀರಿನ ಸೆಳೆತ, ಐಸಿನ ಭಾರ, ಹೀಗೆ ಯಾವುದರ ಮೇಲಾದರೂ ಹೊರಿಸಿಬಿಡಬಹುದಾದ ವ್ಯತ್ಯಾಸ ಇದು. ಸುತ್ತು 1600ಕ್ಕೆ ಬಂದು ‘ಇವತ್ತು ಏನೋ ಸರಿಯಿಲ್ಲ’ ಎನ್ನುವ ಹೊತ್ತಿಗೆ ಮೂರನೇ ಒಂದು ಭಾಗದ ಹತ್ತಿರ ಶಕ್ತಿ ಹೋಗಿಯಾಗಿರುತ್ತದೆ. ಇದು ಕಿವಿಗೆ ಸಿಗುವ ಅಂತರವಲ್ಲ. ಸುತ್ತಿನ ಮೀಟರು ಕೆಟ್ಟು ನಿಂತಿರುವ ಬೋಟಿನಲ್ಲಿ ಶಕ್ತಿನಷ್ಟದ ಕಾರಣ ಹುಡುಕುವುದು ಹೆಚ್ಚುಕಡಿಮೆ ಕಣ್ಣುಕಟ್ಟಿ ನಡೆದ ಹಾಗೆ.

ಎರಡನೆಯ ಪ್ರಶ್ನೆ, ಇದು ಯಾವಾಗ ಶುರುವಾಯಿತು ಎಂಬುದು. ನಿನ್ನೆ ಸಂಜೆಯವರೆಗೆ ಸರಿಯಿದ್ದು ಇಂದು ಬೆಳಿಗ್ಗೆ ಸೋತ ಎಂಜಿನ್ನಿನ ರಿಂಗು ಸವೆದಿರುವ ಸಾಧ್ಯತೆ ತೀರಾ ಕಡಿಮೆ. ಲೈನರು ರಾತ್ರೋರಾತ್ರಿ ಸವೆಯುವುದಿಲ್ಲ. ಹಠಾತ್ ನಷ್ಟಕ್ಕೆ ಹಠಾತ್ ಕಾರಣಗಳೇ ಇರುತ್ತವೆ: ಪ್ರೊಪೆಲ್ಲರಿಗೆ ಸುತ್ತಿಕೊಂಡ ಹಗ್ಗ, ಕ್ಲಿಪ್ಪಿನಿಂದ ಜಾರಿದ ಟರ್ಬೊ ಹೋಸು, ಕಟ್ಟಿಕೊಂಡ ಫಿಲ್ಟರು, ಸಡಿಲವಾದ ಆ್ಯಕ್ಸಿಲರೇಟರ್ ಕೇಬಲ್ಲು. ಕೊನೆಯದನ್ನು ಯಾರೂ ನೋಡುವುದೇ ಇಲ್ಲ. ಮೇಲೆ ಲಿವರನ್ನು ಪೂರ್ತಿ ತಳ್ಳಿದಾಗ ಕೆಳಗೆ ಪಂಪಿನ ತೋಳು ತನ್ನ ತಡೆಗೆ ತಾಗುತ್ತಿದೆಯೇ ಎಂದು ಒಬ್ಬ ಮೇಲೆ, ಒಬ್ಬ ಕೆಳಗೆ ನಿಂತು ನೋಡಲು ಒಂದು ನಿಮಿಷ ಸಾಕು. ತೋಳು ಅರ್ಧದಲ್ಲೇ ನಿಲ್ಲುತ್ತಿದ್ದರೆ ಅಲ್ಲಿಗೆ ಹುಡುಕಾಟ ಮುಗಿಯಿತು. ತಿಂಗಳುಗಟ್ಟಲೆ ನಿಧಾನವಾಗಿ ಕುಂದಿದ್ದಾದರೆ ತಳದ ಪಾಚಿ, ಇಂಟರ್‌ಕೂಲರಿನ ಜಿಡ್ಡು, ನಾಝಲ್ಲಿನ ಸವೆತ, ಕೊನೆಗೆ ರಿಂಗು, ವಾಲ್ವುಗಳ ಸರದಿ.

ಮೂರನೆಯ ಸಾಕ್ಷಿ ಹೊಗೆ. ಕಪ್ಪು ಹೊಗೆಯೆಂದರೆ ಡೀಸೆಲ್ ಬರುತ್ತಿದೆ, ಅದಕ್ಕೆ ತಕ್ಕ ಗಾಳಿಯಿಲ್ಲ ಎಂದರ್ಥ. ಬಿಳಿ ಹೊಗೆ ಉರಿಯದೆ ಹೊರಬಿದ್ದ ಡೀಸೆಲ್ಲಿನದೂ ಇರಬಹುದು, ಸಿಲಿಂಡರಿಗೆ ಸೇರಿದ ನೀರಿನದೂ ಇರಬಹುದು. ನೀಲಿ ಹೊಗೆ ಲೂಬ್ ಆಯಿಲ್ ಉರಿಯುತ್ತಿದೆ ಎನ್ನುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಕಪ್ಪು ಹೊಗೆ ಕಂಡ ಕೂಡಲೇ ನಾಝಲ್ ಬಿಚ್ಚುವ ಅಭ್ಯಾಸ ಮಾತ್ರ ತಪ್ಪು. ಟರ್ಬೊ ಇರುವ ಎಂಜಿನ್ನಿನಲ್ಲಿ ಹೊಗೆಯ ಜೊತೆಗೆ ಟರ್ಬೊ ಗಾಳಿಯ ಒತ್ತಡವನ್ನೂ ಓದಿದರೆ ಮೂರು ದಾರಿಗಳು ಒಡೆದು ಕಾಣುತ್ತವೆ. ಹೊಗೆ ಕಪ್ಪಾಗಿದ್ದು ಒತ್ತಡ ಚೆನ್ನಾಗಿದ್ದರೆ ಎಂಜಿನ್ ದುಡಿಯುತ್ತಿದೆ, ಹೊರೆ ಹೆಚ್ಚಾಗಿದೆ. ಹೊಗೆ ಕಪ್ಪಾಗಿದ್ದು ಒತ್ತಡ ಕುಸಿದಿದ್ದರೆ ಗಾಳಿಯ ದಾರಿಯಲ್ಲಿ ತೊಂದರೆ. ಹೊಗೆಯೇ ಇಲ್ಲದೆ, ಒತ್ತಡವೂ ಇಲ್ಲದೆ ಎಂಜಿನ್ ಸಪ್ಪಗಿದ್ದರೆ ಅದಕ್ಕೆ ಡೀಸೆಲ್ ಸಾಲುತ್ತಿಲ್ಲ. ಸುತ್ತು ತೀರಾ ಕೆಳಗಿಳಿದಾಗ ಟರ್ಬೊ ತಾನಾಗಿಯೇ ಸೊರಗುವುದರಿಂದ ಈ ಗುರುತು ಕೈಕೊಡುತ್ತದೆ, ನಿಜ. ಆದರೂ ಒಂದು ಒತ್ತಡ ಮಾಪಕದ ಬೆಲೆಗೆ ಇಷ್ಟು ದಾರಿ ತೋರುವ ಉಪಕರಣ ಎಂಜಿನ್ ಕೋಣೆಯಲ್ಲಿ ಇನ್ನೊಂದಿಲ್ಲ.

ಡೀಸೆಲ್ ಸಾಲದಿರುವುದು ಇವುಗಳಲ್ಲಿ ಅತಿ ಸಾಮಾನ್ಯವಾದದ್ದು, ಅತಿ ಅಗ್ಗದಲ್ಲಿ ಸರಿಯಾಗುವಂಥದ್ದು. ನಮ್ಮ ಕರಾವಳಿಯಲ್ಲಿ ಇದಕ್ಕೊಂದು ಋತುವೂ ಉಂಟು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ ಯಾಂತ್ರೀಕೃತ ಬೋಟುಗಳು ಮಳೆಯಲ್ಲಿ ಕಟ್ಟಿ ನಿಲ್ಲುತ್ತವೆ. ಅರೆ ತುಂಬಿದ ಟ್ಯಾಂಕಿನ ಒಳಗೋಡೆಗೆ ತೇವ ಹಿಡಿದು, ಹನಿಯಾಗಿ ಇಳಿದು, ಡೀಸೆಲ್ಲಿಗಿಂತ ಭಾರವಾದ್ದರಿಂದ ತಳ ಸೇರುತ್ತದೆ. ನೀರು ಮತ್ತು ಡೀಸೆಲ್ ಸೇರುವ ಆ ಗೆರೆಯಲ್ಲಿ ಹಾರ್ಮೊಕೊನಿಸ್ ರೆಸಿನೆ ಎಂಬ ಶಿಲೀಂಧ್ರವೂ ಬಗೆಬಗೆಯ ಬ್ಯಾಕ್ಟೀರಿಯಾಗಳೂ ಬೆಳೆದು ಲೋಳೆಯಾಗುತ್ತವೆ. ಬೋಟು ನಿಂತಿರುವಾಗ ಅದರಿಂದ ಯಾವ ಉಪದ್ರವವೂ ಇಲ್ಲ. ಆಗಸ್ಟಿನಲ್ಲಿ ಕಡಲು ಇನ್ನೂ ಪೂರ್ತಿ ತಣಿಯದ ಹೊತ್ತಿಗೆ ಬೋಟು ಹೊರಟಿತೆನ್ನಿ, ತಳದಲ್ಲಿದ್ದ ಕೆಸರು, ಲೋಳೆ, ನೀರು ಎಲ್ಲ ಕಲಕಿ ಒಂದೇ ಸಲ ಫಿಲ್ಟರಿಗೆ ನುಗ್ಗುತ್ತವೆ. ಅಳಿವೆ ಬಾಯಿಯ ಅಲೆಯಲ್ಲಿ, ಪೂರ್ತಿ ಶಕ್ತಿ ಬೇಕಾದ ಕ್ಷಣದಲ್ಲೇ ಎಂಜಿನ್ ಸೊರಗುವುದು ದುರದೃಷ್ಟವಲ್ಲ. ಅಲೆಯೇ ಅದನ್ನು ಸೊರಗಿಸಿದ್ದು. ನಿಷೇಧಕ್ಕೆ ಮೊದಲು ಟ್ಯಾಂಕನ್ನು ಪೂರ್ತಿ ತುಂಬಿಸಿಡಬೇಕು, ಇಲ್ಲವೇ ಪೂರ್ತಿ ಖಾಲಿ ಮಾಡಿ ತೊಳೆದಿಡಬೇಕು. ಅರ್ಧ ತುಂಬಿಸಿಡುವುದು ಎರಡಕ್ಕಿಂತಲೂ ಕೆಟ್ಟದ್ದು.

ನೀರು ಬರುವ ಇನ್ನೊಂದು ದಾರಿ ಟ್ಯಾಂಕಿನ ಗಾಳಿಕೊಳವೆ. 1993ರ ಜನವರಿ 5ರಂದು ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳ ಬಳಿ ಬ್ರೇಯರ್ ಎಂಬ ತೈಲ ಹಡಗು ಬಂಡೆಗೆ ಬಡಿದು ಸುಮಾರು 84,700 ಟನ್ ಕಚ್ಚಾತೈಲ ಕಡಲಿಗೆ ಹರಿಯಿತು. ಡೆಕ್ಕಿನ ಮೇಲಿಟ್ಟಿದ್ದ ಉಕ್ಕಿನ ಕೊಳವೆಗಳು ಬಿರುಗಾಳಿಗೆ ಸಡಿಲಗೊಂಡು ಉರುಳಾಡಿ ಟ್ಯಾಂಕಿನ ಗಾಳಿಕೊಳವೆಗಳನ್ನು ಮುರಿದಿದ್ದವು. ಅಲ್ಲಿಂದ ಕಡಲ ನೀರು ಡೀಸೆಲ್ಲಿಗೆ ಸೇರಿ ಮೊದಲು ಬಾಯ್ಲರ್ ಆರಿತು, ಆಮೇಲೆ ಎಂಜಿನ್ನೂ ನಿಂತಿತು. ಅಷ್ಟು ದೊಡ್ಡ ಹಡಗಿನ ಎಂಜಿನ್ನಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮೀನಿನ ಬೋಟಿನಲ್ಲಿ ಇದೇ ಕೊಳವೆಯ ಬಾಯಿಗೆ ಮಳೆನೀರು ಹೋಗದಂತೆ ಬಟ್ಟೆ ತುರುಕಿಟ್ಟು ಮರೆತುಬಿಟ್ಟರೆ ತೊಂದರೆ ಉಲ್ಟಾ ಆಗುತ್ತದೆ. ಡೀಸೆಲ್ ಖರ್ಚಾದಂತೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ, ಒಂದೆರಡು ಗಂಟೆ ಚೆನ್ನಾಗಿ ಓಡಿದ ಎಂಜಿನ್ ಸೋಲುತ್ತದೆ. ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆ. ಈ ಓಡುವ, ಸೋಲುವ ಆಟ ಕಂಡರೆ ಟ್ಯಾಂಕಿನ ಮುಚ್ಚಳ ಸಡಿಲಿಸಿ ಕಿವಿಗೊಟ್ಟು ಕೇಳಬೇಕು. ಗಾಳಿ ಸುಯ್ಯೆಂದು ಒಳಗೆ ಹೋದರೆ ಕಾರಣ ಸಿಕ್ಕಿತು.

ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಒಂದು ಮೋಸವಿದೆ. ಎಂಜಿನ್ ಓಡುವಾಗ ಅಲ್ಲಿ ಒತ್ತಡವಿರುವುದಿಲ್ಲ, ಎಳೆತವಿರುತ್ತದೆ. ಆದ್ದರಿಂದ ವಾಷರ್ ಸವೆದ ಜಾಗದಲ್ಲಿ ಡೀಸೆಲ್ ಹೊರಗೆ ಸೋರುವುದರ ಬದಲು ಗಾಳಿ ಒಳಗೆ ಸೇರುತ್ತದೆ. ಪೈಪು ಒಣಗಿಯೇ ಕಾಣುತ್ತದೆ, ‘ಲೀಕೇಜ್ ಇಲ್ಲ’ ಎಂಬ ತೀರ್ಪೂ ಬೀಳುತ್ತದೆ. ಅಲ್ಲೊಂದು ಗೇಣು ಪಾರದರ್ಶಕ ಹೋಸು ಸೇರಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ. ಇನ್ನೂ ನೇರವಾದ ಪರೀಕ್ಷೆ ಬೇಕಾದರೆ, ಶುದ್ಧ ಡೀಸೆಲ್ಲಿನ ಕ್ಯಾನನ್ನು ಎಂಜಿನ್ನಿಗಿಂತ ಎತ್ತರದಲ್ಲಿ ಭದ್ರವಾಗಿ ಕಟ್ಟಿ, ಟ್ಯಾಂಕನ್ನೂ ಮೊದಲ ಫಿಲ್ಟರನ್ನೂ ಬಿಟ್ಟು ನೇರ ಫೀಡ್ ಪಂಪಿಗೆ ಪೈಪು ಕೊಟ್ಟು, ಗೇರಿನಲ್ಲಿ ಹೊರೆಯೊಂದಿಗೆ ಓಡಿಸಿ ನೋಡಬೇಕು. ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ತಿರುಗಿಸಬೇಕು, ಇಲ್ಲದಿದ್ದರೆ ಕ್ಯಾನು ಬಹುಬೇಗ ಬರಿದಾಗುತ್ತದೆ. ಎಂಜಿನ್ ಎಳೆಯತೊಡಗಿದರೆ ತಪ್ಪು ಟ್ಯಾಂಕಿಗೂ ಪಂಪಿಗೂ ನಡುವೆ ಇದೆ. ಎಳೆಯದಿದ್ದರೆ ಆ ಭಾಗವನ್ನೆಲ್ಲ ಪಟ್ಟಿಯಿಂದ ಒಂದೇ ಸಲಕ್ಕೆ ಹೊಡೆದುಹಾಕಬಹುದು.

ಹೊರೆಯೊಂದಿಗೆ ಎಂದದ್ದಕ್ಕೆ ಕಾರಣವಿದೆ. ನ್ಯೂಟ್ರಲ್‌ನಲ್ಲಿ ಪೂರ್ತಿ ರೇಸ್ ಕೊಟ್ಟು, ಸುತ್ತು ಸರಿಯಾಗಿ ಏರಿತೆಂದು ‘ಡೀಸೆಲ್ ಲೈನ್ ಸರಿಯಿದೆ’ ಎನ್ನುವ ರೂಢಿ ಬಂದರಿನಲ್ಲಿ ವ್ಯಾಪಕ. ಹೊರೆಯಿಲ್ಲದ ಎಂಜಿನ್ನಿಗೆ ಬೇಕಾಗುವುದು ಪೂರ್ತಿ ಡೀಸೆಲ್ಲಿನ ಒಂದು ಸಣ್ಣ ಪಾಲು ಮಾತ್ರ. ಮುಕ್ಕಾಲು ಕಟ್ಟಿದ ಫಿಲ್ಟರೂ ಅಷ್ಟನ್ನು ಕೊಟ್ಟೀತು. ನ್ಯೂಟ್ರಲ್ ಪರೀಕ್ಷೆ ಕೇಬಲ್ಲಿನ ಬಗ್ಗೆ, ಗವರ್ನರಿನ ಬಗ್ಗೆ ಸಾಕ್ಷಿ ಹೇಳಬಲ್ಲದು, ಫಿಲ್ಟರಿನ ಬಗ್ಗೆ ಅಲ್ಲ.

ಗಾಳಿಯ ಪ್ರಮಾಣ ಎಷ್ಟೆಂದು ನಮ್ಮಲ್ಲಿ ಬಹಳ ಜನ ಊಹಿಸಿರುವುದಿಲ್ಲ. ಒಂದು ಲೀಟರ್ ಡೀಸೆಲ್ ಉರಿಯಲು ಕನಿಷ್ಠ 12 ಕಿಲೊ ಗಾಳಿ ಬೇಕು, ಅಂದರೆ ಸುಮಾರು 10 ಘನ ಮೀಟರ್. ಹೊಗೆಯಿಲ್ಲದೆ ಉರಿಯಬೇಕಾದರೆ ಅದರ ಒಂದೂವರೆ ಪಟ್ಟಾದರೂ ಬೇಕು. ಗಂಟೆಗೆ 40 ಲೀಟರ್ ಕುಡಿಯುವ ಎಂಜಿನ್ 600 ಘನ ಮೀಟರ್ ಗಾಳಿಯನ್ನು ಎಂಜಿನ್ ಕೋಣೆಯ ಕಿಂಡಿಗಳಿಂದಲೇ ಎಳೆದುಕೊಳ್ಳಬೇಕು. ಆ ಕಿಂಡಿಗಳಿಗೆ ಅಡ್ಡಲಾಗಿ ಹಗ್ಗದ ಸುರುಳಿ, ಬಲೆಯ ರಾಶಿ, ಟಾರ್ಪಾಲು ಬಂದುಬಿಟ್ಟಿರುತ್ತವೆ. ನೀರು ಹಾರಿದರೆ ಹ್ಯಾಚನ್ನೂ ಮುಚ್ಚುತ್ತಾರೆ. ಪರೀಕ್ಷೆ ಇಷ್ಟೇ: ಹೊರೆಯಲ್ಲಿ ಓಡುವಾಗ ಹ್ಯಾಚ್ ತೆರೆಯಿರಿ. ಸುತ್ತು ಐವತ್ತು ಏರಿದರೂ ಎಂಜಿನ್ನಿಗೆ ಉಸಿರು ಕಟ್ಟಿತ್ತು ಎಂದರ್ಥ. ಸೆಖೆಯೂ ಲೆಕ್ಕಕ್ಕೆ ಬರುತ್ತದೆ. ಎಂಜಿನ್ನಿನ ಶಕ್ತಿಯನ್ನು ನಮೂದಿಸುವಾಗ ಐಎಸ್‌ಒ 3046 ಮಾನದಂಡ ಇಟ್ಟುಕೊಳ್ಳುವುದು 25 ಡಿಗ್ರಿ ಸೆಲ್ಸಿಯಸ್ ಗಾಳಿಯನ್ನು. ನಮ್ಮ ಎಂಜಿನ್ ಕೋಣೆಗಳಲ್ಲಿ 45 ಡಿಗ್ರಿ ದಾಟುವುದು ವಿಶೇಷವೇನಲ್ಲ, ಪ್ರತಿ 10 ಡಿಗ್ರಿಗೆ ಗಾಳಿಯ ಸಾಂದ್ರತೆ ಶೇ 3ರಷ್ಟು ಇಳಿಯುತ್ತದೆ. ಟ್ರಿಪ್ಪಿನ ಕೊನೆಗೆ, ಟ್ಯಾಂಕಿನಲ್ಲಿ ಸ್ವಲ್ಪವೇ ಉಳಿದ ಡೀಸೆಲ್ಲು ರಿಟರ್ನ್ ಪೈಪಿನ ಬಿಸಿಗೆ ಕಾದು ಹಿಗ್ಗುತ್ತದೆ. ಪಂಪು ಅಳೆಯುವುದು ತೂಕವನ್ನಲ್ಲ, ಗಾತ್ರವನ್ನು. ಅಲ್ಲೂ ಕೊಂಚ ಖೋತಾ. ಇವೆರಡೂ ರೋಗಗಳಲ್ಲ. ಆದರೆ ಮನೆಗೆ ಮರಳುವಾಗ ಎಂಜಿನ್ ಯಾಕೋ ಮಂದ ಎಂಬ ದೂರಿನಲ್ಲಿ ಇವುಗಳ ಪಾಲಿದೆ.

ಟರ್ಬೊ, ಇಂಟರ್‌ಕೂಲರ್‌ಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬ್ರೀದರಿನಿಂದ ಬರುವ ಎಣ್ಣೆಯ ಹಬೆಗೆ ಉಪ್ಪುಗಾಳಿ ಸೇರಿ ಇಂಟರ್‌ಕೂಲರಿನ ಪದರಗಳಲ್ಲಿ ಅಂಟಾಗಿ ಕೂರುತ್ತದೆ. ಹೋಸಿನ ಸಣ್ಣ ಬಿರುಕು ಸೋಪಿನ ನೀರಿಗೆ ಗುಳ್ಳೆ ಬಿಡುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರಿದರೆ ಟರ್ಬೊ ತಿರುಗಿಸಬೇಕಾದ ಬಿಸಿಗಾಳಿ ದಾರಿಯಲ್ಲೇ ಪೋಲಾಗುತ್ತದೆ. ಸೈಲೆನ್ಸರಿನಲ್ಲಿ ಮಸಿ ಕಟ್ಟಿ ಹಿಂದೊತ್ತಡ ಏರುವುದನ್ನೂ ಇಲ್ಲೇ ಸೇರಿಸಬಹುದು.

ಇನ್ನು ಹೊರೆ. ಸಮಸ್ಯೆಯ ಅತ್ಯಂತ ಶ್ರೀಮಂತ ಭಾಗ ಇದು, ಅಷ್ಟೇ ಅಲಕ್ಷ್ಯಕ್ಕೆ ಗುರಿಯಾದದ್ದೂ ಹೌದು. ಬೋಟಿನ ತಳದಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಲೋಳೆ ಅರ್ಧ ಭಾಗಕ್ಕೆ ಹರಡಿದರೂ ಹಡಗಿನ ಹಸಿರುಮನೆ ಅನಿಲದ ಹೊರಸೂಸುವಿಕೆ ಶೇ 25ರಿಂದ 30ರಷ್ಟು ಏರಬಹುದು ಎಂದು ಅಂತರರಾಷ್ಟ್ರೀಯ ಕಡಲ ಸಂಘಟನೆ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಇಂಧನದ ಲೆಕ್ಕವೂ ಅದೇ. ಲೋಳೆಗೇ ಇಷ್ಟಾದರೆ, ಬಾರ್ನಕಲ್ ಚಿಪ್ಪುಗಳು ಕೂತ ತಳದ ಪಾಡೇನು! ಪ್ರೊಪೆಲ್ಲರಿನ ಎಲೆಗಳ ಮೇಲೂ ಅವು ಕೂರುತ್ತವೆ, ಬೆನ್ನಿನ ಬದಿಯಲ್ಲಿ ಕೂತದ್ದು ಕಣ್ಣಿಗೆ ಬೀಳುವುದಿಲ್ಲ. ಹಗ್ಗ ಸುತ್ತಿಕೊಂಡಿದ್ದರೆ ನಡುಕವಾದರೂ ಇರುತ್ತದೆ. ಸ್ಟರ್ನ್ ಟ್ಯೂಬಿನ ಗ್ಲ್ಯಾಂಡನ್ನು ನೀರು ಸೋರಬಾರದೆಂದು ಅತಿಯಾಗಿ ಬಿಗಿದಿದ್ದರೆ ಶಾಫ್ಟ್ ಬಿಸಿಯಾಗುತ್ತದೆ, ಮುಟ್ಟಿ ನೋಡಿದರೆ ಗೊತ್ತು. ಮುಟ್ಟುವುದು ಎಂಜಿನ್ ನಿಲ್ಲಿಸಿದ ಮೇಲೆ.

ಇದಕ್ಕೆ ತೀರಾ ವಿರುದ್ಧವಾದ ಚಿತ್ರವೂ ಒಂದಿದೆ. ಸುತ್ತು ಸಲೀಸಾಗಿ ಏರುತ್ತದೆ, ಹೊಗೆಯಿಲ್ಲ, ಎಂಜಿನ್ ಹಗುರ. ಬೋಟು ಮಾತ್ರ ಮುಂದೆ ಹೋಗುವುದಿಲ್ಲ. ಅಲ್ಲಿ ಎಂಜಿನ್ನನ್ನು ಬೈದು ಪ್ರಯೋಜನವಿಲ್ಲ. ಗೇರ್‌ಬಾಕ್ಸಿನ ಕ್ಲಚ್ ಜಾರುತ್ತಿರಬಹುದು, ಅಥವಾ ಪ್ರೊಪೆಲ್ಲರಿನ ಎಲೆ ಮುರಿದಿರಬಹುದು. ಗೇರ್ ಆಯಿಲ್ ಬಿಸಿಯಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಮೊದಲನೆಯದು.

ಹೊರೆಯ ದೊಡ್ಡ ಪ್ರಶ್ನೆ ಪ್ರೊಪೆಲ್ಲರಿನ ಆಯ್ಕೆಯದು. ಟ್ರಾಲ್ ಬೋಟು ಖಾಲಿ ಓಡುವಾಗ ಎಂಟೊಂಬತ್ತು ನಾಟ್, ಬಲೆ ಎಳೆಯುವಾಗ ಮೂರು ನಾಲ್ಕು ನಾಟ್. ಒಂದೇ ಸ್ಥಿರ ಪ್ರೊಪೆಲ್ಲರ್ ಎರಡಕ್ಕೂ ಸರಿಹೊಂದಲು ಸಾಧ್ಯವಿಲ್ಲ. ಓಟಕ್ಕೆ ಹೊಂದಿಸಿದ್ದು ಎಳೆತದಲ್ಲಿ ಎಂಜಿನ್ನನ್ನು ಹಿಂಡುತ್ತದೆ, ಎಳೆತಕ್ಕೆ ಹೊಂದಿಸಿದ್ದು ಓಟದಲ್ಲಿ ಶಕ್ತಿಯನ್ನು ಬಳಸದೆ ಬಿಡುತ್ತದೆ. ಎಂಜಿನ್ ಬದಲಾಯಿಸುವಾಗ ತೊಡಕು ಇನ್ನೂ ಬಿಗಿಯಾಗುತ್ತದೆ: ಹೊಸ ಎಂಜಿನ್ನಿನ ಸುತ್ತೇ ಬೇರೆ, ಗೇರಿನ ಅನುಪಾತ ಬೇರೆ, ಪ್ರೊಪೆಲ್ಲರು ಮಾತ್ರ ಹಳೆಯದು. ಲಾರಿಯ ಎಂಜಿನ್ನಿನಿಂದ ರೂಪಾಂತರಗೊಂಡವಂತೂ ಜಾಗ್ರತೆಯಿಂದ ಓದಬೇಕಾದ ಫಲಕ ಹೊತ್ತಿರುತ್ತವೆ. ಶಿರಾಡಿ ಘಾಟಿ ಹತ್ತಿದ ಲಾರಿಗೆ ಆಮೇಲೆ ಬಯಲ ರಸ್ತೆ ಸಿಗುತ್ತದೆ, ಬಲೆ ಎಳೆಯುವ ಬೋಟಿಗೆ ದಿನವಿಡೀ ಘಾಟಿಯೇ. ಆದ್ದರಿಂದಲೇ ಒಂದೇ ಎಂಜಿನ್ನಿಗೆ ಸತತ ದುಡಿಮೆಗೆ ಒಂದು ಅಶ್ವಶಕ್ತಿ, ಅಲ್ಪಕಾಲದ ದುಡಿಮೆಗೆ ಇನ್ನೊಂದು, ಮೋಜಿನ ದೋಣಿಗೆ ಮತ್ತೊಂದು ಎಂದು ನಮೂದಿಸುತ್ತಾರೆ. ಮಾರುವವ ಯಾವ ಅಂಕಿಯನ್ನು ಬಾಯಿಬಿಟ್ಟು ಹೇಳುತ್ತಾನೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಸರಿಹೊಂದಿದೆಯೇ ಎಂದು ತಿಳಿಯುವ ಬಗೆ ಸರಳ. ಪೂರ್ತಿ ರೇಸ್‌ನಲ್ಲಿ, ದುಡಿಯುವ ಹೊರೆಯಲ್ಲಿ ಎಂಜಿನ್ ತನ್ನ ಫಲಕದ ಸುತ್ತನ್ನು ಮುಟ್ಟಬೇಕು. ಮುಟ್ಟದೆ ಕಪ್ಪು ಹೊಗೆ ಉಗುಳಿದರೆ ಪ್ರೊಪೆಲ್ಲರ್ ಅದಕ್ಕೆ ದೊಡ್ಡದಾಯಿತು. ಇಲ್ಲಿ ನಮ್ಮ ಬಂದರುಗಳ ಒಂದು ಕೆಟ್ಟ ಚಾಳಿಯನ್ನು ಹೇಳಲೇಬೇಕು: ಎಳೆಯದ ಎಂಜಿನ್ನಿಗೆ ಪಂಪಿನ ಸೀಲು ಒಡೆದು ಡೀಸೆಲ್ ಹೆಚ್ಚಿಸುವುದು. ಅಂದು ಎಂಜಿನ್ ಎಳೆಯುತ್ತದೆ, ಮೆಕ್ಯಾನಿಕ್ಕಿನ ಕೈಗುಣಕ್ಕೆ ಹೆಸರೂ ಬರುತ್ತದೆ. ಗಾಳಿ ಮಾತ್ರ ಮೊದಲಿನಷ್ಟೇ. ಉರಿಯದ ಡೀಸೆಲ್ ಮಸಿಯಾಗುತ್ತದೆ, ಎಕ್ಸಾಸ್ಟಿನ ಬಿಸಿ ಏರುತ್ತದೆ, ವಾಲ್ವಿನ ಅಂಚು ಸುಡುತ್ತದೆ, ಪಿಸ್ಟನ್ನಿನ ತಲೆ ಕರಗುವವರೆಗೂ ಹೋಗಬಹುದು. ಫಿಲ್ಟರೋ ಪ್ರೊಪೆಲ್ಲರೋ ಕಾರಣವಾಗಿದ್ದ ಸಣ್ಣ ತೊಂದರೆಯನ್ನು ಹೆಡ್ ಬಿಚ್ಚುವ ದೊಡ್ಡ ತೊಂದರೆಯಾಗಿ ಬೆಳೆಸುವುದಕ್ಕೆ ಇದಕ್ಕಿಂತ ಹತ್ತಿರದ ದಾರಿ ಕಾಣೆ.

ಇಷ್ಟೆಲ್ಲ ನೋಡಿದ ಮೇಲೂ ಕಾರಣ ಸಿಗದಿದ್ದರೆ ಎಂಜಿನ್ನಿನ ಒಳಗಿಗೆ ಬರಬಹುದು. ಒಂದು ಸಿಲಿಂಡರ್ ಮಾತ್ರ ಮಲಗಿದೆಯೇ ಎಂದು ತಿಳಿಯಲು, ಹಳೆಯ ಮಾದರಿಯ ಪಂಪಿರುವ ಎಂಜಿನ್ನುಗಳಲ್ಲಿ ಐಡಲ್‌ನಲ್ಲಿ ಒಂದೊಂದೇ ಹೈಪ್ರೆಷರ್ ಪೈಪಿನ ನಟ್ ಸಡಿಲಿಸಿ ಸದ್ದು ಬದಲಾಗುತ್ತದೆಯೇ ಎಂದು ಕೇಳುವ ಪದ್ಧತಿಯಿದೆ. ಸದ್ದು ಬದಲಾಗದ ಸಿಲಿಂಡರೇ ತಪ್ಪಿತಸ್ಥ. ಹೊಸ ಕಾಮನ್ ರೇಲ್ ಎಂಜಿನ್ನಿನಲ್ಲಿ ಇದನ್ನು ಮಾಡಲೇಬಾರದು. ಅಲ್ಲಿನ ಒತ್ತಡ 1600 ಬಾರ್ ಮೀರಬಹುದು. ಅಂಥ ಸೆಲೆ ಚರ್ಮ ತೂರಿ ಒಳಗೆ ಹೋದರೆ ಕೈಯನ್ನೇ ಕಳೆದುಕೊಳ್ಳುವ ಅಪಾಯವಿದೆ. ಅದರ ಬದಲು ಒಂದೊಂದು ಎಕ್ಸಾಸ್ಟ್ ದ್ವಾರದ ಬಿಸಿಯನ್ನು ದೂರದಿಂದ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರು ಬಳಸುವುದು ಲೇಸು. ತಣ್ಣಗಿರುವುದು ದುಡಿಯುತ್ತಿಲ್ಲ. ರಿಂಗು ಸವೆದದ್ದು ಬ್ರೀದರಿನ ಹೊಗೆಯಲ್ಲಿ, ಬೆಳಗಿನ ಕಷ್ಟದ ಸ್ಟಾರ್ಟಿನಲ್ಲಿ, ಆಯಿಲ್ ಖರ್ಚಿನಲ್ಲಿ ಎಷ್ಟೋ ಮೊದಲೇ ಸೂಚನೆ ಕೊಟ್ಟಿರುತ್ತದೆ.

ಎಲೆಕ್ಟ್ರಾನಿಕ್ ನಿಯಂತ್ರಣದ ಎಂಜಿನ್ನುಗಳು ಇನ್ನೊಂದು ತಿರುವನ್ನು ತಂದಿವೆ. ಕೂಲಂಟ್ ಬಿಸಿಯಾದರೆ, ಆಯಿಲ್ ಒತ್ತಡ ಇಳಿದರೆ ಅವು ತಾವಾಗಿಯೇ ಶಕ್ತಿ ತಗ್ಗಿಸಿಕೊಳ್ಳುತ್ತವೆ. ಇಲ್ಲಿ ಶಕ್ತಿನಷ್ಟ ರೋಗವಲ್ಲ, ರಕ್ಷಣೆ. ರಕ್ಷಣೆಯೇ ಅಪಾಯ ತಂದದ್ದೂ ಉಂಟು: 2019ರ ಮಾರ್ಚ್ 23ರಂದು ನಾರ್ವೆಯ ಕರಾವಳಿಯಲ್ಲಿ 1,373 ಮಂದಿಯಿದ್ದ ವೈಕಿಂಗ್ ಸ್ಕೈ ಎಂಬ ಪ್ರವಾಸಿ ಹಡಗು ಬಿರುಗಾಳಿಗೆ ಹೊಯ್ದಾಡುತ್ತಿದ್ದಾಗ, ಓಡುತ್ತಿದ್ದ ಡೀಸೆಲ್ ಜನರೇಟರುಗಳೆಲ್ಲ ಆಯಿಲ್ ಒತ್ತಡ ಕುಸಿದು ತಾವಾಗಿ ನಿಂತವು. ಸಂಪಿನಲ್ಲಿ ಆಯಿಲ್ ಇರಬೇಕಾದಷ್ಟು ಇರಲಿಲ್ಲ. ಹಡಗು ಓಲಾಡಿದಾಗ ಪಂಪು ಎಣ್ಣೆಯ ಬದಲು ಗಾಳಿ ಹೀರಿತ್ತು. 479 ಮಂದಿಯನ್ನು ಹೆಲಿಕಾಪ್ಟರಿನಲ್ಲಿ ಎತ್ತಬೇಕಾಯಿತು.

ಹೋಲಿಸಿ ನೋಡಲು ಹಳೆಯ ಅಂಕಿಯಿಲ್ಲದಿದ್ದರೆ ಮೇಲಿನ ಪರೀಕ್ಷೆಗಳೆಲ್ಲ ಅರ್ಧ ಫಲವನ್ನೇ ಕೊಡುತ್ತವೆ. ದೊಡ್ಡ ಹಡಗುಗಳಲ್ಲಿ ಎಂಜಿನಿಯರು ಪ್ರತಿ ಸಿಲಿಂಡರಿನ ಒತ್ತಡ, ಎಕ್ಸಾಸ್ಟ್ ಬಿಸಿಗಳನ್ನು ಬರೆದಿಡುವುದು ಇದಕ್ಕೇ. ಮೀನಿನ ಬೋಟಿಗೆ ಅಷ್ಟು ಬೇಡ, ವರ್ಷಕ್ಕೊಮ್ಮೆ ಒಂದು ಪುಟ ಸಾಕು. ತಳ ಕೆರೆದು, ಬಣ್ಣ ಬಳಿದು, ಫಿಲ್ಟರು ಬದಲಿಸಿ ನೀರಿಗಿಳಿಸಿದ ವಾರದಲ್ಲೇ ಬೋಟನ್ನು ಧಕ್ಕೆಯ ಗಟ್ಟಿ ಕಂಬಕ್ಕೆ ಹಿಂದಿನಿಂದ ಕಟ್ಟಿ, ಎಂಜಿನ್ ಬಿಸಿಯಾದ ಮೇಲೆ ಗೇರು ಹಾಕಿ ನಿಧಾನವಾಗಿ ಪೂರ್ತಿ ರೇಸಿಗೆ ಏರಿಸಬೇಕು. ಒಂದೆರಡು ನಿಮಿಷದಲ್ಲಿ ಸುತ್ತು, ಟರ್ಬೊ ಒತ್ತಡ, ಎಕ್ಸಾಸ್ಟಿನ ಬಿಸಿ, ಹೊಗೆಯ ಬಣ್ಣ ಬರೆದುಕೊಂಡು ಇಳಿಸಬೇಕು. ನಿಂತ ಬೋಟಿನಲ್ಲಿ ಸುತ್ತು ಓಟದಷ್ಟು ಬರುವುದಿಲ್ಲ, ಬರಬೇಕಾದ್ದೂ ಇಲ್ಲ. ಬಲೆ ಎಳೆಯುವ ಸ್ಥಿತಿಗೆ ಅದು ಹತ್ತಿರ. ಜನವರಿಯಲ್ಲಿ ದೂರು ಬಂದಾಗ ಅದೇ ಕಂಬಕ್ಕೆ ಕಟ್ಟಿ ಅದೇ ಅಂಕಿಗಳನ್ನು ತೆಗೆಯಬಹುದು. ಅಂಕಿಗಳು ಹೊಂದಿದರೆ ಎಂಜಿನ್, ಗೇರು, ಪ್ರೊಪೆಲ್ಲರುಗಳ ಮೇಲಿನ ಅನುಮಾನ ಬಿಟ್ಟು ತಳದ ಪಾಚಿಯನ್ನೋ ಹೊಸ ಬಲೆಯ ಗಾತ್ರವನ್ನೋ ನೋಡಬೇಕು. ಸುತ್ತು ಇಳಿದಿದ್ದರೆ ಹೊಗೆಯನ್ನೂ ಟರ್ಬೊ ಒತ್ತಡವನ್ನೂ ಓದಿ ದಾರಿ ಹಿಡಿಯಬೇಕು. ಸುತ್ತು ಏರಿದ್ದರೆ ಕ್ಲಚ್, ಪ್ರೊಪೆಲ್ಲರಿನ ಎಲೆ. ಹಗ್ಗ ಹೊಸದಿರಲಿ, ಎಳೆತ ನಡೆಯುವಾಗ ಹಗ್ಗದ ನೇರಕ್ಕೆ ಯಾರೂ ನಿಲ್ಲಕೂಡದು.